ಮೈಸೂರು "ನೋಡಿ ಮುಗೀತು" ಅನ್ನೋರಿಗೆ: ಕಲೆ, ಬೆಟ್ಟ, ಕೆರೆ ಇಟ್ಕೊಂಡು ಊರನ್ನ ಮಾರ್ಕೆಟಿಂಗ್ ಮಾಡೋದು ಅಂದ್ರೆ ಏನು

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗ ಹೆಂಡ್ತಿ ಮಕ್ಳನ್ನ ಕರ್ಕೊಂಡು ಬೆಂಗಳೂರಿಂದ ಮೈಸೂರಿಗೆ ಬಂದಿದ್ದ. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟಿದ್ದಾನೆ, ತಿಂಡಿ ಡಬ್ಬಿಲೇ ಕಟ್ಕೊಂಡು ಬಂದಿದ್ದಾರೆ, ಹತ್ತಕ್ಕೆ ಅರಮನೆ, ಹನ್ನೆರಡೂವರೆಗೆ ಝೂ, ಊಟ, ಆಮೇಲೆ ಕಾರಲ್ಲೇ ಚಾಮುಂಡಿ ಬೆಟ್ಟಕ್ಕೆ ಹೋಗಿ ದರ್ಶನ ಮಾಡ್ಕೊಂಡು ಐದಕ್ಕೆಲ್ಲ ವಾಪಸ್ ಎಕ್ಸ್‌ಪ್ರೆಸ್‌ವೇ ಹತ್ತಿದ್ದಾನೆ. ರಾತ್ರಿ ಎಂಟಕ್ಕೆ ಮೆಸೇಜ್ ಬಂತು, "ಅಣ್ಣಾ ಮನೆ ಸೇರಿದ್ವಿ, ಮೈಸೂರು ಪೂರ್ತಿ ನೋಡಿ ಮುಗೀತು". ಮನೆಗೆ ಬಂದು ಒಂದು ಲೋಟ ಕಾಫಿ ಕುಡೀಲಿಲ್ಲ ಅನ್ನೋ ಬೇಜಾರು ಒಂದ್ಕಡೆ ಇರ್ಲಿ, ಆ "ಮುಗೀತು" ಅನ್ನೋ ಮಾತು ತಲೇಲಿ ಉಳ್ಕೊಂಡ್ಬಿಡ್ತು. ನಾನು ಹುಟ್ಟಿ ಬೆಳೆದು ನಲವತ್ತು ವರ್ಷ ಆದ್ರೂ ನನಗೆ ಮುಗೀದೆ ಇರೋ ಊರು ಅವನಿಗೆ ಏಳು ಗಂಟೇಲಿ ಮುಗೀತು.

ಅವನದ್ದೇನೂ ತಪ್ಪಿಲ್ಲ. ಮೈಸೂರು ಅಂದ್ರೆ ಅರಮನೆ, ಝೂ, ಬೆಟ್ಟ, ಸಾಯಂಕಾಲ ಬೃಂದಾವನದ ಕಾರಂಜಿ ಅಂತ ಪ್ಯಾಕೇಜ್ ಬಸ್ಸಿನವರು ಎಷ್ಟೋ ವರ್ಷದಿಂದ ಹೇಳ್ಕೊಂಡು ಬಂದಿದ್ದಾರೆ, ಬೋರ್ಡಲ್ಲೂ ಅದೇ, ಬ್ರೋಷರಲ್ಲೂ ಅದೇ, ರಾತ್ರಿ ಊಟಿಗೋ ಕೊಡಗಿಗೋ ಹೋಗೋ ದಾರೀಲಿ ಒಂದು ಸ್ಟಾಪ್ ಅಷ್ಟೆ. ಊರನ್ನ ಮಾರ್ಕೆಟಿಂಗ್ ಮಾಡೋದು ಅಂದ ತಕ್ಷಣ ನಮ್ಮ ಜನ ಲೋಗೋ, ವಿಡಿಯೋ, ಹೈವೇ ಪಕ್ಕದ ದೊಡ್ಡ ಫ್ಲೆಕ್ಸು ಅಂದ್ಕೊಳ್ತಾರೆ. ಅದೆಲ್ಲ ಕೊನೇಲಿ ಮಾಡೋ ಕೆಲಸ. ನಿಜವಾದ ಕೆಲಸ ಬೇರೆ ಇದೆ, ಅದನ್ನ ನಮ್ಮ ಊರಿನ ಲೆಕ್ಕದಲ್ಲೇ ಬಿಡಿಸಿ ಹೇಳೋಕೆ ಟ್ರೈ ಮಾಡ್ತೀನಿ.

ಮೊದಲು ದುಡ್ಡಿನ ಲೆಕ್ಕ ನೋಡಿ. ನಮ್ಮ ತಮ್ಮ ಆವತ್ತು ಮೈಸೂರಲ್ಲಿ ಖರ್ಚು ಮಾಡಿದ್ದು ಎರಡು ಕಡೆ ಎಂಟ್ರಿ ಟಿಕೆಟ್, ಮೂರು ಕಡೆ ಪಾರ್ಕಿಂಗ್, ಒಂದು ಊಟ, ಮಕ್ಳಿಗೆ ಐಸ್‌ಕ್ರೀಮು. ಪೆಟ್ರೋಲ್ ಬೆಂಗಳೂರಲ್ಲೇ ಹಾಕ್ಸಿದ್ದು, ಟೋಲ್ ನಮ್ಮ ಊರಿಗೆ ಬರಲ್ಲ. ಅವನೇ ಒಂದು ರಾತ್ರಿ ಉಳ್ಕೊಂಡಿದ್ರೆ ಏನಾಗ್ತಿತ್ತು? ರೂಮಿನ ಬಾಡಿಗೆ, ರಾತ್ರಿ ಊಟ, ಮಾರನೇ ದಿನದ ತಿಂಡಿ, ಒಂದೆರಡು ಆಟೋ, ಸಾಯಂಕಾಲ ಬೇಜಾರಾಗಿ ದೇವರಾಜ ಮಾರ್ಕೆಟ್ಟಿಗೆ ಕಾಲಿಟ್ರೆ ಹೂವು ಹಣ್ಣು ಊದುಬತ್ತಿ, ಹೆಂಡ್ತಿ ಕೇಳಿದ್ರೆ ಒಂದು ಸಿಲ್ಕ್ ಸೀರೆ. ಆ ದುಡ್ಡು ರೂಮ್ ಕ್ಲೀನ್ ಮಾಡೋ ಹೆಂಗಸಿನಿಂದ ಹಿಡಿದು ಮಲ್ಲಿಗೆ ಮಾರೋ ಅಜ್ಜಿವರೆಗೂ ಹರಿಯುತ್ತೆ. ಅದಕ್ಕೇ ಪ್ರವಾಸೋದ್ಯಮದ ಬಗ್ಗೆ ಗೊತ್ತಿರೋರು ಎಷ್ಟು ಜನ ಬಂದ್ರು ಅನ್ನೋದಕ್ಕಿಂತ ಎಷ್ಟು ರಾತ್ರಿ ಉಳಿದ್ರು ಅಂತ ಕೇಳ್ತಾರೆ. 2023ರ ಮಾರ್ಚಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಾಗ ನಾವೆಲ್ಲ ಖುಷಿಪಟ್ವಿ, ಖುಷಿಪಡೋ ವಿಷಯನೇ ಅದು, ಆದ್ರೆ ರಸ್ತೆ ಚೆನ್ನಾಗಾದಷ್ಟೂ ಬರೋದು ಎಷ್ಟು ಸಲೀಸೋ ವಾಪಸ್ ಹೋಗೋದೂ ಅಷ್ಟೇ ಸಲೀಸು, ಉಳಿಯೋಕೆ ಕಾರಣ ಇಲ್ದೆ ಇದ್ರೆ ಜನ ಉಳಿಯಲ್ಲ.

ಆ ಕಾರಣ ಎಲ್ಲಿಂದ ತರೋದು? ಕಟ್ಟಡ ನೋಡೋಕೆ ಎರಡು ಗಂಟೆ ಸಾಕು. ಆದ್ರೆ ಸಾಯಂಕಾಲ ಆರೂವರೆಗೆ ನಾಟಕ ಇದ್ರೆ ಆ ರಾತ್ರಿ ಇಲ್ಲೇ ಉಳೀಬೇಕು, ಬೆಳಗ್ಗೆ ಐದೂವರೆಗೆ ಬೆಟ್ಟ ಹತ್ತಬೇಕು ಅಂದ್ರೆ ಹಿಂದಿನ ರಾತ್ರಿನೇ ಬಂದಿರಬೇಕು. ಕಲೆ ಸಾಯಂಕಾಲದ್ದು, ಹೊರಾಂಗಣದ ಓಡಾಟ ಬೆಳಗಿನ ಜಾವದ್ದು, ಎರಡರ ಮಧ್ಯ ಒಂದು ರಾತ್ರಿ ಬೀಳುತ್ತೆ. ಊರಿಗೆ ಬೇಕಾಗಿರೋದು ಆ ರಾತ್ರಿ.

ಇದೆಲ್ಲ ಹೊಸ ಕಾಲದ ಐಡಿಯಾ ಅಂದ್ಕೋಬೇಡಿ, ನಮ್ಮ ಮಹಾರಾಜರ ಕಾಲದಲ್ಲೇ ಇದು ನಡೀತಿತ್ತು. ವಿಜಯನಗರದ ಮಹಾನವಮಿ ಪದ್ಧತಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ್ರು, ಆಮೇಲೆ ಅದು ಮೈಸೂರಿಗೆ ಬಂತು. ದಸರಾ ವಸ್ತುಪ್ರದರ್ಶನ ಶುರುವಾಗಿದ್ದು 1880ರಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ. ಯೋಚ್ನೆ ಮಾಡಿ, ಹಬ್ಬ ನೋಡೋಕೆ ಸುತ್ತಮುತ್ತ ಸೀಮೆಯಿಂದ ಜನ ಬರ್ತಾರೆ, ಬಂದೋರಿಗೆ ಸಂಸ್ಥಾನದಲ್ಲಿ ಏನೇನು ತಯಾರಾಗುತ್ತೆ ಅಂತ ತೋರ್ಸೋದು. 1892ರಲ್ಲಿ ಝೂ, 1912ರಲ್ಲಿ ನಾಲ್ವಡಿಯವರ ಕಾಲದ ರೇಷ್ಮೆ ಫ್ಯಾಕ್ಟರಿ. ಹಳೇ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ್ಮೇಲೆ ಹೆನ್ರಿ ಇರ್ವಿನ್ ಕೈಲಿ ಪ್ಲಾನ್ ಮಾಡ್ಸಿ 1912ರ ಹೊತ್ತಿಗೆ ಕಟ್ಟಿದ ಅರಮನೆನೇ ಈಗ ನಾವು ನೋಡ್ತಿರೋದು. ಇದೆಲ್ಲ ಸೇರಿ ಏನಾಯ್ತು ಅಂದ್ರೆ "ಮೈಸೂರು" ಅನ್ನೋ ಹೆಸರೇ ಒಂದು ಮುದ್ರೆ ಆಯ್ತು. ಮೈಸೂರು ಸಿಲ್ಕ್, ಮೈಸೂರು ಸ್ಯಾಂಡಲ್, ಮೈಸೂರು ಪಾಕ್, ಮೈಸೂರು ಪೇಟ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ. ಇಷ್ಟು ಪದಾರ್ಥಗಳ ಮುಂದೆ ತನ್ನ ಹೆಸರು ಹಚ್ಕೊಂಡಿರೋ ಊರು ದೇಶದಲ್ಲಿ ಎಷ್ಟಿದೆ ಹೇಳಿ. ಇದರಲ್ಲಿ ಸುಮಾರಕ್ಕೆ ಜಿಐ ಟ್ಯಾಗ್, ಅಂದ್ರೆ ಈ ಪದಾರ್ಥ ಈ ಸೀಮೆದೇ ಅನ್ನೋ ಅಧಿಕೃತ ಗುರುತು ಕೂಡ ಸಿಕ್ಕಿದೆ.

ತೊಂದರೆ ಇರೋದು ಬೇರೆ ಕಡೆ. ನಮ್ಮ ಮಾರ್ಕೆಟಿಂಗ್ ಪೂರ್ತಿ ಹತ್ತು ದಿನದ ಮೇಲೆ ನಿಂತಿದೆ. ದಸರಾ ಬಂತು ಅಂದ್ರೆ ಇಡೀ ಊರು ಮದುವೆ ಮನೆ. ವೀರನಹೊಸಹಳ್ಳಿಯಿಂದ ಗಜಪಯಣ, ಯುವ ದಸರಾ, ರೈತ ದಸರಾ, ಆಹಾರ ಮೇಳ, ವಿಜಯದಶಮಿ ದಿನ 750 ಕೆಜಿ ತೂಕದ ಚಿನ್ನದ ಅಂಬಾರಿ ಹೊತ್ಕೊಂಡು ಆನೆ ಅರಮನೆಯಿಂದ ಬನ್ನಿಮಂಟಪದ ಕಡೆ ಹೊರಟಾಗ ನನಗೆ ಈಗ್ಲೂ ಮೈ ಜುಮ್ ಅನ್ನುತ್ತೆ. ಆ ಹತ್ತು ದಿನ ರೂಮ್ ಸಿಗಲ್ಲ, ಸಿಕ್ರೂ ರೇಟು ಕೇಳೋ ಹಾಗಿಲ್ಲ, ಟ್ರಾಫಿಕ್ ಮಿಸುಕಾಡಲ್ಲ, ಬಂದೋರಲ್ಲಿ ಅರ್ಧ ಜನ ಜಂಬೂಸವಾರಿನ ಯಾರದ್ದೋ ತಲೆ ಮೇಲಿಂದ ಮೊಬೈಲಲ್ಲಿ ನೋಡಿ ಹೋಗ್ತಾರೆ. ಹನ್ನೊಂದನೇ ದಿನ ಪೆಂಡಾಲ್ ಬಿಚ್ತಾರೆ, ಊರು ಮಲಗುತ್ತೆ. ಹತ್ತು ದಿನದ ನೂಕುನುಗ್ಗಲಿಗೆ ಹೋಟೆಲ್ ಕಟ್ಟಿದ್ರೆ ಉಳಿದ ದಿನ ಖಾಲಿ, ಖಾಲಿ ದಿನದ ಲೆಕ್ಕಕ್ಕೆ ಕಟ್ಟಿದ್ರೆ ಹಬ್ಬಕ್ಕೆ ಜಾಗ ಸಾಲಲ್ಲ. ಹಬ್ಬ ನಂಬ್ಕೊಂಡಿರೋ ಊರುಗಳಿಗೆಲ್ಲ ಇದೇ ತಲೆನೋವು. ದಸರಾನ ಇನ್ನೂ ದೊಡ್ಡದು ಮಾಡೋದ್ರಿಂದ ಇದು ಸರಿ ಹೋಗಲ್ಲ, ಫೆಬ್ರವರಿ ತಿಂಗಳ ಒಂದು ಮಾಮೂಲಿ ಮಂಗಳವಾರಕ್ಕೆ ಜೀವ ತುಂಬಬೇಕು.

ಆ ಮಂಗಳವಾರಕ್ಕೆ ಬೇಕಾದ ಸಾಮಾನೆಲ್ಲ ನಮ್ಮ ಹತ್ರ ಈಗ್ಲೇ ಇದೆ, ಹಿತ್ತಲ ಗಿಡ ಮದ್ದಲ್ಲ ಅಂತ ನಾವೇ ಅದನ್ನ ಹೇಳ್ಕೊಳ್ತಿಲ್ಲ. ರಂಗಾಯಣ ತಗೊಳ್ಳಿ. 1989ರಲ್ಲಿ ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ ಕಟ್ಟಿದ ರೆಪರ್ಟರಿ, ಅಂದ್ರೆ ಕಾಯಂ ನಾಟಕ ತಂಡ ಅದು, ಕಲಾಮಂದಿರದ ಪಕ್ಕದಲ್ಲೇ ಇದೆ. ಅಲ್ಲಿನ ಭೂಮಿಗೀತ ರಂಗಮಂದಿರದಲ್ಲಿ ವಾರಾಂತ್ಯ ನಾಟಕ ಆಗುತ್ತೆ, ವರ್ಷಕ್ಕೊಂದ್ಸಲ ಬಹುರೂಪಿ ಅಂತ ರಾಷ್ಟ್ರೀಯ ನಾಟಕೋತ್ಸವ ಆಗುತ್ತೆ, ಬೇರೆ ಬೇರೆ ಭಾಷೆ ನಾಟಕ, ಆಚೆ ಪುಸ್ತಕದ ಅಂಗಡಿ, ಕರಕುಶಲದ ಅಂಗಡಿ, ಜೋಳದ ರೊಟ್ಟಿ ತಟ್ಟೋರು, ಆ ವಾರ ಪೂರ್ತಿ ಆ ಕಾಂಪೌಂಡಲ್ಲಿ ಗಿಜಿಗಿಜಿ. ರಾಮಕೃಷ್ಣನಗರದಲ್ಲಿ ನಟ ಮಂಡ್ಯ ರಮೇಶ್ ಅವರ 'ನಟನ' ಅನ್ನೋ ರಂಗಶಾಲೆ ಇದೆ. ಗಣೇಶನ ಹಬ್ಬಕ್ಕೆ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಲ್ಲಿ ರಸ್ತೆಗೇ ಪೆಂಡಾಲ್ ಹಾಕಿ ಕರ್ನಾಟಕ ಸಂಗೀತದ ಕಚೇರಿ ಮಾಡ್ತಾರಲ್ಲ, ದೊಡ್ಡ ದೊಡ್ಡ ವಿದ್ವಾಂಸರು ಬಂದು ಹಾಡ್ತಾರೆ, ಅಕ್ಕಪಕ್ಕದ ಮನೆಯವರು ಗೇಟ್ ಹತ್ರ ಕುರ್ಚಿ ಹಾಕ್ಕೊಂಡು ಕೇಳ್ತಾರೆ. ವೀಣೆ ಶೇಷಣ್ಣ, ವಾಸುದೇವಾಚಾರ್ಯರು ಇದ್ದ ಊರಿದು, ಆ ಕೇಳೋ ಅಭ್ಯಾಸ ಇನ್ನೂ ಹೋಗಿಲ್ಲ. ಆದ್ರೆ ಹೋಟೆಲ್ ರಿಸೆಪ್ಷನ್ನಲ್ಲಿ ನಿಂತಿರೋ ಹುಡುಗನ್ನ "ಇವತ್ತು ಸಾಯಂಕಾಲ ಊರಲ್ಲಿ ಏನಿದೆ" ಅಂತ ಕೇಳಿ ನೋಡಿ, "ಲೈಟಿಂಗ್ ಇದೆ ಸಾರ್, ಭಾನುವಾರ ಆದ್ರೆ" ಅಂತಾನೆ. ಅರಮನೆ ದೀಪಾಲಂಕಾರ ಚೆಂದನೇ, ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿದಾಗ ಜನ ಎಲ್ಲ ಒಂದೇ ಸಲ "ಆಹಾ" ಅಂತಾರೆ, ಆದ್ರೆ ಅದು ಮುಗಿಯೋಕೆ ಎಷ್ಟು ಹೊತ್ತು ಬೇಕು ಹೇಳಿ.

ಕರಕುಶಲದ ವಿಷಯದಲ್ಲಿ ಇದು ಇನ್ನೂ ಎದ್ದು ಕಾಣುತ್ತೆ. ಬೀಟೆ ಮರದ ಇನ್‌ಲೇ ಕೆಲಸ, ಅಂದ್ರೆ ಬೀಟೆ ಹಲಗೇಲಿ ಬೇರೆ ಮರದ ಚೂರು ಕೂರಿಸಿ ಚಿತ್ರ ಮಾಡೋ ಕೆಲಸ ಮಾಡೋ ಒಂದು ಸಣ್ಣ ವರ್ಕ್‌ಶಾಪಿಗೆ ಒಂದ್ಸಲ ಸ್ನೇಹಿತನ ಜೊತೆ ಹೋಗಿದ್ದೆ. ಒಂದು ರೂಮು, ನೆಲದ ಮೇಲೆಲ್ಲ ಮರದ ಹೊಟ್ಟು, ಕಿಟಕಿ ಪಕ್ಕ ಕೂತಿದ್ದ ವಯಸ್ಸಾದ ಸಾಹೇಬ್ರು ಬೆರಳುಗುರಿನಷ್ಟು ದೊಡ್ಡ ಹಲಸಿನ ಮರದ ಚೂರನ್ನ ಸಣ್ಣ ಗರಗಸದಲ್ಲಿ ಆನೆ ಕಿವಿ ಆಕಾರಕ್ಕೆ ಕತ್ತರಿಸ್ತಿದ್ರು. ಹಲಸು ಯಾಕೆ ಅಂದ್ರೆ ಅದರ ಹಳದಿ ಬಣ್ಣಕ್ಕೆ, ಬಣ್ಣ ಹಚ್ಚೋದಿಲ್ಲ, ಪ್ರತಿ ಬಣ್ಣಕ್ಕೂ ಬೇರೆ ಮರ. ಮೊದ್ಲೆಲ್ಲ ದಂತ ಕೂರಿಸ್ತಿದ್ರು, ಅದು ಕಾನೂನಲ್ಲಿ ನಿಂತ್ಮೇಲೆ ಪ್ಲಾಸ್ಟಿಕ್ಕು, ಬಣ್ಣಬಣ್ಣದ ಮರ ಬಂತು. ಬೀಟೆ ಹಲಗೆ ಮೇಲೆ ಅದೇ ಕಿವಿಯ ಗೆರೆ ಹಾಕಿ, ಉಳಿಯಿಂದ ಗುಳಿ ತೆಗೆದು, ಗೋಂದು ಹಚ್ಚಿ ಕೂರಿಸಿದ್ರೆ ಉಗುರಲ್ಲಿ ಸವರಿದ್ರೂ ಸಂದು ಸಿಗಬಾರದು. ಒಂದು ಸಂದು ಸಿಕ್ತು ಅಂತ ಅಷ್ಟನ್ನೂ ಕಿತ್ತು ಮತ್ತೆ ಮಾಡಿದ್ರು. ಆಮೇಲೆ ಅವರು ಹೇಳಿದ ಮಾತು ನಂಗೆ ಮರೆಯೋಕಾಗಲ್ಲ: ಇದನ್ನ ಅಂಗಡೀಲಿ ನೋಡಿದೋರು ರೇಟ್ ಕೇಳಿ ಮುಖ ತಿರುಗಿಸ್ತಾರೆ, ಇಲ್ಲಿ ಅರ್ಧ ಗಂಟೆ ಕೂತೋರು ಯಾರೂ ಚೌಕಾಸಿ ಮಾಡಿಲ್ಲ ಅಂತ.

ಸರ್ಕಾರಿ ರಿಪೋರ್ಟಲ್ಲಿ ಉದ್ದುದ್ದ ಬರೆಯೋದನ್ನ ಆ ಸಾಹೇಬ್ರು ಒಂದೇ ಮಾತಲ್ಲಿ ಹೇಳಿದ್ರು. ಮಾಡೋದನ್ನ ನೋಡಿದ್ರೆ ಬೆಲೆ ಗೊತ್ತಾಗುತ್ತೆ. ಈಗ ಆಗ್ತಿರೋದು ಏನು ಅಂದ್ರೆ ಟೂರಿಸ್ಟನ್ನ ಆಟೋದಲ್ಲೋ ಟ್ಯಾಕ್ಸಿಲೋ ಕಮಿಷನ್ ಕೊಡೋ ಅಂಗಡಿಗೆ ಕರ್ಕೊಂಡು ಹೋಗ್ತಾರೆ, ಅಲ್ಲಿ ಗಂಧದೆಣ್ಣೆ ಅಂತ ಏನೋ ಒಂದು ಬಾಟಲಿ ಕೊಡ್ತಾರೆ, ಅವನು ಊರಿಗೆ ಹೋದ್ಮೇಲೆ ಮೋಸ ಹೋದೆ ಅಂತ ಹತ್ತು ಜನಕ್ಕೆ ಹೇಳ್ತಾನೆ. ಒಂದು ಕಡೆ ಕೈಕೆಲಸ ಗೊತ್ತಿರೋರಿಗೆ ಗಿರಾಕಿ ಇಲ್ಲ, ಇನ್ನೊಂದು ಕಡೆ ಗಿರಾಕಿಗೆ ನಿಜವಾದ ಮಾಲು ಸಿಗಲ್ಲ. ಇಬ್ಬರನ್ನ ಒಂದೇ ರೂಮಲ್ಲಿ ಅರ್ಧ ಗಂಟೆ ಕೂರಿಸೋದೇ ಮಾರ್ಕೆಟಿಂಗು.

ಇನ್ನು ಹೊರಾಂಗಣಕ್ಕೆ ಬರೋಣ, ಇಲ್ಲಿ ಮೈಸೂರಿನ ಅದೃಷ್ಟ ದೊಡ್ಡದು. ಊರ ಒಳಗೇ ಬೆಟ್ಟ ಇದೆ, ಕೆರೆ ಇದೆ, ಹಕ್ಕಿ ಇದೆ. ಬೆಟ್ಟದ ಸಾವಿರ ಮೆಟ್ಟಿಲು ದೊಡ್ಡ ದೇವರಾಜ ಒಡೆಯರ ಕಾಲದ್ದು, ದಾರಿ ಮಧ್ಯದ ಕರೀ ನಂದಿನೂ ಅವರ ಕಾಲದ್ದೇ. ಬೆಳಗಿನ ಜಾವ ಪಾದದ ಹತ್ರ ಹೋಗಿ ನಿಂತ್ಕೊಳ್ಳಿ. ಶೂ ಹಾಕ್ಕೊಂಡು ಕಿವೀಲಿ ಹಾಡು ಕೇಳ್ತಾ ಎರಡೆರಡು ಮೆಟ್ಟಿಲು ಹಾರಿ ಓಡೋ ಹುಡುಗ್ರು, ಸಕ್ಕರೆ ಕಾಯಿಲೆಗೆ ಡಾಕ್ಟ್ರು ಹೇಳಿದ್ರು ಅಂತ ನಿಧಾನಕ್ಕೆ ಹತ್ತೋ ರಿಟೈರ್ಡ್ ಮೇಷ್ಟ್ರು, ಅದರ ಮಧ್ಯ ಹರಕೆ ಹೊತ್ತು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ತಾ ಹೋಗೋ ಹೆಂಗಸರು. ಓಡೋ ಹುಡುಗ ಅವರ ಹತ್ರ ಬಂದಾಗ ನಿಂತು ಪಕ್ಕಕ್ಕೆ ಕಾಲಿಟ್ಟು ದಾಟ್ತಾನೆ, ಕುಂಕುಮ ತುಳಿಯಲ್ಲ. ಜಿಮ್ಮು, ದೇವಸ್ಥಾನ, ಆಸ್ಪತ್ರೆ ಮೂರೂ ಒಂದೇ ಮೆಟ್ಟಿಲ ಸಾಲಲ್ಲಿ ಹಂಗೇ ಹೊಂದ್ಕೊಂಡು ನಡೀತಿದೆ. ಕಾರಲ್ಲಿ ಮೇಲೆ ಹೋಗಿ ಬಂದ ನನ್ನ ತಮ್ಮ ಇದನ್ನ ನೋಡ್ಲೇ ಇಲ್ಲ.

ಕುಕ್ಕರಹಳ್ಳಿ ಕೆರೆ 1864ರಲ್ಲಿ ಮುಮ್ಮಡಿಯವರ ಕಾಲದಲ್ಲಿ ಆಗಿದ್ದು, ಕುವೆಂಪು ಅವರು ವಾಕ್ ಮಾಡ್ತಿದ್ದ ಏರಿ. ಈಗ್ಲೂ ಬೆಳಗ್ಗೆ ಹೋದ್ರೆ ಪೆಲಿಕನ್ನು ನೀರಿಗಿಳಿಯೋದು ಕಾಣುತ್ತೆ. ಆ ಕಡೆ ಕಾರಂಜಿ ಕೆರೆ, ಸ್ವಲ್ಪ ದೂರ ಹೋದ್ರೆ ರಂಗನತಿಟ್ಟು. 1940ರಲ್ಲಿ ಪಕ್ಷಿಧಾಮ ಆಗಿದ್ದು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರ್ತು, ನಮ್ಮ ರಾಜ್ಯದಿಂದ ಆ ಪಟ್ಟಿಗೆ ಹೋದ ಮೊದಲ ಜಾಗ ಅದು. 2017ರಲ್ಲಿ ಟ್ರಿಣ್ ಟ್ರಿಣ್ ಅಂತ 450 ಬಾಡಿಗೆ ಸೈಕಲ್ ಇಟ್ರು, ಅಗಲ ರಸ್ತೆ, ಸಾಲುಮರ ಇರೋ ಊರಿಗೆ ಹೇಳಿ ಮಾಡ್ಸಿದ ಐಡಿಯಾ ಅದು.

ಜಾಹೀರಾತಿಲ್ದೆ ಜನ ಬಂದು ಉಳಿಯೋದು ಹೆಂಗೆ ಅಂತ ನೋಡ್ಬೇಕಾದ್ರೆ ನಮ್ಮೂರಿನ ಗೋಕುಲಂ ಬಡಾವಣೆಗೆ ಹೋಗಿ. ನಾಲ್ವಡಿಯವರು ಯೋಗಗುರು ಕೃಷ್ಣಮಾಚಾರ್ಯರನ್ನ ಕರೆಸಿ ಜಗನ್ಮೋಹನ ಅರಮನೇಲಿ 1933ರಲ್ಲಿ ಯೋಗಶಾಲೆ ಮಾಡ್ಸಿದ್ರು, ಅವರ ಶಿಷ್ಯರು ಪಟ್ಟಾಭಿ ಜೋಯಿಸ್, ಅವರ ಹತ್ರ 1964ರ ಸುಮಾರಿಗೆ ಬೆಲ್ಜಿಯಂನಿಂದ ಒಬ್ಬರು ಯೋಗ ಕಲಿಯೋಕೆ ಬಂದ್ರು, ಅವರು ಬರೆದ್ರು, ಅದನ್ನ ಓದಿ ಇನ್ನೊಬ್ಬರು ಬಂದ್ರು, ಹಂಗೇ ಬಾಯಿಂದ ಬಾಯಿಗೆ ಹೋಗಿ ಈಗ ಒಂದು ಬಡಾವಣೆಯ ಆರ್ಥಿಕತೆನೇ ಅದರ ಮೇಲೆ ನಿಂತಿದೆ. ಕಲಿಯೋಕೆ ಬರೋರು ಒಂದು ತಿಂಗಳು, ಎರಡು ತಿಂಗಳು ಇರ್ತಾರೆ. ಮನೆ ಮಹಡಿ ಬಾಡಿಗೆಗೆ ಹೋಗುತ್ತೆ, ಎಳನೀರು ಮಾರೋರಿಗೆ ಬೆಳಗ್ಗೆ ಎಂಟಕ್ಕೇ ಗಿರಾಕಿ, ಸ್ಕೂಟರ್ ಬಾಡಿಗೆ ಕೊಡೋರು, ಸಂಸ್ಕೃತ ಹೇಳ್ಕೊಡೋರು, ಟೈಲರ್ ಎಲ್ಲರಿಗೂ ಕೆಲಸ. ಒಂದು ತಿಂಗಳು ಇರೋ ಒಬ್ಬರು ಅಂದ್ರೆ ಮೂವತ್ತು ರಾತ್ರಿ ಕಣ್ರಿ, ನನ್ನ ತಮ್ಮನ ತರ ಬಂದು ಹೋಗೋ ಎಷ್ಟು ಕಾರಿಗೆ ಸಮ ಅಂತ ನೀವೇ ಲೆಕ್ಕ ಹಾಕಿ. ನೋಡೋಕೆ ಬಂದೋರು ಬೇಗ ಹೋಗ್ತಾರೆ, ಕಲಿಯೋಕೆ ಬಂದೋರು ನಿಂತ್ಕೊಳ್ತಾರೆ. ಇದೇ ತರ ವೀಣೆ ಕಲಿಯೋಕೆ, ಮೈಸೂರು ಶೈಲಿ ಚಿತ್ರ ಕಲಿಯೋಕೆ, ಚಿನ್ನದ ರೇಕು ಅಂಟಿಸೋದು ಹೆಂಗೆ ಅಂತ ಕಲಿಯೋಕೆ ಹದಿನೈದು ದಿನದ ಕೋರ್ಸ್ ಯಾಕೆ ಇರಬಾರದು ಅಂತ ನಂಗೆ ಯಾವಾಗ್ಲೂ ಅನ್ಸುತ್ತೆ.

ಹೊರಗಿನ ಒಂದು ಉದಾಹರಣೆ ಹೇಳ್ಬೇಕು. ಅಮೆರಿಕದ ಟೆನೆಸ್ಸೀಲಿ ಚಟನೂಗ ಅಂತ ಊರಿದೆ, ಫ್ಯಾಕ್ಟರಿ ಹೊಗೆ ತುಂಬ್ಕೊಂಡು 1969ರಲ್ಲಿ ಆ ದೇಶದಲ್ಲೇ ಅತಿ ಕೊಳಕು ಗಾಳಿ ಇರೋ ಊರು ಅನ್ನಿಸ್ಕೊಂಡಿತ್ತು. ಅವರು ಮೊದಲು ಮಾಡಿದ್ದು ಗಾಳಿ ಸರಿ ಮಾಡಿ ನದಿ ದಂಡೆ ವಾಪಸ್ ತಗೊಂಡಿದ್ದು. 1992ರಲ್ಲಿ ದಂಡೆ ಮೇಲೆ ದೊಡ್ಡ ಅಕ್ವೇರಿಯಂ, 1993ರಲ್ಲಿ ಕೆಡವಬೇಕು ಅಂತಿದ್ದ ಹಳೇ ವಾಲ್ನಟ್ ಸ್ಟ್ರೀಟ್ ಸೇತುವೆನ ನಡೆಯೋರಿಗೆ ಬಿಟ್ಕೊಟ್ರು, ಪಕ್ಕದಲ್ಲೇ ಆರ್ಟ್ ಮ್ಯೂಸಿಯಂ, ನದೀಲಿ ದೋಣಿ, ಸುತ್ತ ಬಂಡೆ ಹತ್ತೋ ಜಾಗ. ಊರಿನವರು ಸಾಯಂಕಾಲ ಸೇತುವೆ ಮೇಲೆ ಮಕ್ಳನ್ನ ಕರ್ಕೊಂಡು ಓಡಾಡೋಕೆ ಶುರು ಮಾಡಿದ್ಮೇಲೆ ಹೊರಗಿನವರೂ ಬಂದ್ರು. ಸ್ಪೇನಿನ ಬಿಲ್ಬಾವ್ ಬಗ್ಗೆ ಕೇಳಿರ್ತೀರ, 1997ರಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ಬಂದು ಊರೇ ಬದಲಾಯ್ತು ಅಂತಾರೆ, ಅದಕ್ಕೆ ಎರಡು ವರ್ಷ ಮುಂಚೆನೇ ಅಲ್ಲಿ ಮೆಟ್ರೋ ಓಡ್ತಿತ್ತು, ನದಿ ಕ್ಲೀನ್ ಮಾಡೋ ಕೆಲಸ ನಡೀತಿತ್ತು ಅನ್ನೋದನ್ನ ಯಾರೂ ಹೇಳಲ್ಲ.

ನಮ್ಮಲ್ಲಿ ಅದು ಯಾಕೆ ಕಷ್ಟ ಅಂದ್ರೆ, ಒಂದೊಂದು ಜಾಗಕ್ಕೂ ಒಬ್ಬೊಬ್ಬ ಯಜಮಾನ. ಅರಮನೆಗೆ ಅರಮನೆ ಮಂಡಳಿ, ಕುಕ್ಕರಹಳ್ಳಿಗೆ ವಿಶ್ವವಿದ್ಯಾನಿಲಯ, ಕಾರಂಜಿಗೆ ಝೂ ಪ್ರಾಧಿಕಾರ, ಬೆಟ್ಟದ ಕಾಡಿಗೆ ಅರಣ್ಯ ಇಲಾಖೆ, ರಂಗಾಯಣಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ರಸ್ತೆಗೆ ಪಾಲಿಕೆ, ದಸರಾಗೆ ಜಿಲ್ಲಾಡಳಿತ. ಪ್ರವಾಸೋದ್ಯಮ ಇಲಾಖೆ ಇದನ್ನೆಲ್ಲ ಜಾಹೀರಾತಲ್ಲಿ ತೋರ್ಸುತ್ತೆ, ಆದ್ರೆ ಕೆರೆ ಗೇಟು ಬೆಳಗ್ಗೆ ಎಷ್ಟೊತ್ತಿಗೆ ತೆಗೀಬೇಕು ಅನ್ನೋದು ಅದರ ಕೈಲಿಲ್ಲ. ಬೇರೆ ದೇಶದ ಎಷ್ಟೋ ಊರುಗಳಲ್ಲಿ ಇದಕ್ಕೇ ಅಂತ ಒಂದು ಸಂಸ್ಥೆ ಇರುತ್ತೆ, ಹೋಟೆಲ್ ರೂಮಿನ ಮೇಲಿನ ತೆರಿಗೇಲಿ ಒಂದು ಪಾಲು ಅದಕ್ಕೆ ಹೋಗುತ್ತೆ, ಎಲ್ಲ ಇಲಾಖೆಯವರನ್ನ ಒಂದು ಟೇಬಲ್ಲಿಗೆ ಕೂರಿಸಿ ವರ್ಷದ ಕ್ಯಾಲೆಂಡರ್ ಮಾಡೋದು, ಬಂದೋರ ದೂರು ಕೇಳೋದು ಅದರ ಕೆಲಸ. ನಮಗೆ ಮೊದಲು ಬೇಕಾಗಿರೋದು ಆ ಟೇಬಲ್ಲು, ಲೋಗೋ ಆಮೇಲೆ ಮಾಡ್ಕೋಬಹುದು.

ಇನ್ನೊಂದು ವಿಷಯ ಹೇಳ್ದೆ ಇದ್ರೆ ಈ ಲೇಖನ ಸುಳ್ಳಾಗುತ್ತೆ. ಮಾರೋ ಅವಸರದಲ್ಲಿ ಮಾಲನ್ನೇ ಹಾಳು ಮಾಡೋ ಅಪಾಯ ಇದೆ. ಬೆಟ್ಟಕ್ಕೆ ರೋಪ್‌ವೇ ಹಾಕ್ಬೇಕು ಅಂತ ಪ್ರಸ್ತಾವ ಬಂದಾಗ ಊರಿನವರು ಬೇಡ ಅಂತ ನಿಂತ್ರು, 2022ರಲ್ಲಿ ಅದನ್ನ ಕೈಬಿಟ್ರು. ಅದಕ್ಕೆ ಹಿಂದಿನ ವರ್ಷದ ಮಳೆಗೇ ನಂದಿ ಕಡೆ ಹೋಗೋ ರಸ್ತೆ ಕುಸಿದಿತ್ತು, ಬೆಟ್ಟ ಎಷ್ಟು ಭಾರ ತಡೆಯುತ್ತೆ ಅಂತ ಬೆಟ್ಟನೇ ಹೇಳಿತ್ತು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ಕು ಜನ ಸತ್ರು, 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಭಾಗ ಕುಸೀತು. ಕುಂಕುಮದ ರಾಶಿ, ಹೂವಿನ ಮಾಲೆ ಅಂತ ಜಾಹೀರಾತಲ್ಲಿ ಬರೋ ಫೋಟೋ ಅದೇ ಮಾರ್ಕೆಟ್ಟಿಂದು. ಅದರ ಗೋಡೆ ನೋಡ್ಕೊಳ್ಳೋದೂ ಮಾರ್ಕೆಟಿಂಗ್ ಬಜೆಟ್ಟಲ್ಲೇ ಬರಬೇಕು ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ನನ್ನ ತಮ್ಮನಿಗೆ ಮಾರನೇ ದಿನ ಫೋನ್ ಮಾಡಿದ್ದೆ. ಮುಂದಿನ ಸಲ ಶನಿವಾರ ಮಧ್ಯಾಹ್ನ ಬಾ, ಗಾಡಿ ನಮ್ಮ ಮನೆ ಮುಂದೆ ನಿಲ್ಸು, ಸಾಯಂಕಾಲ ನಾಟಕಕ್ಕೆ ಟಿಕೆಟ್ ನಾನು ತೆಗೆದಿಟ್ಟಿರ್ತೀನಿ, ರಾತ್ರಿ ಇಲ್ಲೇ ಮಲ್ಕೋ. ಭಾನುವಾರ ಐದೂವರೆಗೆ ಬೆಟ್ಟದ ಪಾದ. ಮಕ್ಕಳು ನಂದಿವರೆಗೂ ಹತ್ತಿದ್ರೆ ಸಾಕು, ಅಲ್ಲಿ ಕೂತು ನೋಡಿದ್ರೆ ಊರ ಮೇಲಿನ ಮಂಜು ಸರಿದು ಕೆರೆ, ಅರಮನೆ ಗೋಪುರ ಒಂದೊಂದಾಗಿ ಕಾಣ್ಸುತ್ತೆ. "ಮಕ್ಕಳು ಅಷ್ಟೊತ್ತಿಗೆ ಏಳ್ತಾವಾ ಅಣ್ಣಾ?" ಅಂದ. ಎಬ್ಬಿಸೋ ಜವಾಬ್ದಾರಿ ನಂದು ಅಂದಿದ್ದೀನಿ.